ಹಿಮದ ಟೈರಿಗೆ ನಿಂಬೆಹಣ್ಣು

ಶನಿವಾರ ಬೆಳಿಗ್ಗೆ ಎಂಟು ಗಂಟೆ ಐವತ್ತಮೂರು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ಅಮ್ಮ ಅರ್ಧ ನಿಮಿಷಕ್ಕೊಮ್ಮೆ ಗಂಟೆ ಹೇಳುತ್ತಿದ್ದಳು. ಒಂಬತ್ತಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ನನ್ನ ತಮ್ಮನ ಕಾರು ನಾಲ್ಕು ನಿಂಬೆಹಣ್ಣುಗಳ ಮೇಲೆ ಹತ್ತಿ ಇಳಿಯಬೇಕಿತ್ತು.

ಕಾರು ಹೊಸದಲ್ಲ. ಸೆಕೆಂಡ್ ಹ್ಯಾಂಡ್. ಕೆಂಪು ಬಣ್ಣದ, ನೆಲಕ್ಕೆ ಅಂಟಿ ಕೂತಂತಿರುವ, ಸ್ಟಾರ್ಟ್ ಮಾಡಿದರೆ ಮೂರನೇ ಮಹಡಿಯ ನಾಯಿಗೆ ಸಿಟ್ಟು ಬರಿಸುವ ಗಾಡಿ. ಗುರುಗ್ರಾಮದ ಆಫೀಸಿನಲ್ಲಿ ಐದು ದಿನ ಕಂಪ್ಯೂಟರಿನ ಮುಂದೆ ಬಾಗಿ ಕೂರುವ ತಮ್ಮ ಆರನೆಯ ದಿನ ಅದರೊಳಗೆ ನೆಟ್ಟಗೆ ಕೂರುತ್ತಾನೆ. ಹಿಂದಿನ ದಿನ ರಜೆ ಹಾಕಿ ಕರೋಲ್ ಬಾಗಿನ ಕಾರು ಪೇಟೆಗೆ ಹೋಗಿ ಅದಕ್ಕೆ ಎರಡು ಹೊಸ ಅಂಗ ಜೋಡಿಸಿಕೊಂಡು ಬಂದಿದ್ದ. ಒಂದು, ನಾಲ್ಕು ಹಿಮದ ಟೈರು. ಇನ್ನೊಂದು, ಶಾರ್ಟ್ ಶಿಫ್ಟರ್. ಅಂದರೆ ಮೊದಲು ತೋಳೆಲ್ಲ ಆಡಿಸಿ ಬದಲಿಸಬೇಕಿದ್ದ ಗೇರನ್ನು ಈಗ ಮಣಿಕಟ್ಟು ತಿರುವಿದರೆ ಬದಲಿಸಬಹುದಾದ ಗಿಡ್ಡ ಲಿವರು. ಅದರ ತಲೆಯ ಮೇಲೆ ನಿಂಬೆಗಾತ್ರದ ಉಕ್ಕಿನ ಗುಂಡು.

ಟೈರು ಬಂದದ್ದು ಅಮ್ಮನಿಗಾಗಿ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕ್ಲರ್ಕಾಗಿ ದೆಹಲಿಗೆ ಬಂದ ಅಮ್ಮ ಇಲ್ಲಿ ಮೂವತ್ತೆಂಟು ಚಳಿಗಾಲ ಕಳೆದಿದ್ದಾಳೆ, ಹಿಮ ಮುಟ್ಟಿಲ್ಲ. ನಮ್ಮ ಪರೀಕ್ಷೆ, ಅಪ್ಪನ ಕಾಯಿಲೆ, ಅವಳ ಆಡಿಟ್, ಒಂದಲ್ಲ ಒಂದು. ನಿವೃತ್ತಿಯಾದ ಮೇಲೆ ಮಂಡಿನೋವು. "ಈ ಜನವರಿ ಪಕ್ಕಾ, ಶಿಮ್ಲಾದಿಂದ ಮೇಲಕ್ಕೆ," ಎಂದು ತಮ್ಮ ಮಾತು ಕೊಟ್ಟಿದ್ದ. ಮಂಜುಗಟ್ಟಿದ ರಸ್ತೆಯಲ್ಲಿ ಮಾಮೂಲಿ ಟೈರು ಜಾರುತ್ತದೆ, ಇದರ ರಬ್ಬರು ಮೆತ್ತಗಿರುತ್ತದೆ, ಮೈತುಂಬ ಸಣ್ಣ ಸೀಳುಗಳಿರುತ್ತವೆ, ಹಿಡಿದುಕೊಳ್ಳುತ್ತದೆ ಎಂದು ಅವನು ವಿವರಿಸಿದಾಗ ಅಮ್ಮ ಬಗ್ಗಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಮೆತ್ತಗಿದೆ ಕಣೋ. ಹಿಟ್ಟು ಚೆನ್ನಾಗಿ ಹುದುಗಿದೆ."

"ಅಮ್ಮ, ಟೈರ್ ಅದು. ಇಡ್ಲಿ ಅಲ್ಲ."

ಗೇಟಿನ ಗಾರ್ಡ್ ಭಯ್ಯಾ ಕೂಡ ಬಂದು ನೋಡಿದ್ದ. "ದಿಲ್ಲಿ ಮೇ ಬರ್ಫ್ ಗಿರೇಗೀ ಕ್ಯಾ, ಸಾಬ್?" ಎಂದು ಕೇಳಿ ತಾನೇ ನಕ್ಕಿದ್ದ. ದೆಹಲಿಯಲ್ಲಿ ಹಿಮ ಬೀಳುವ ಸುದ್ದಿ ಅವನಿಗೆ ಮಾತ್ರ ಯಾರೂ ಹೇಳಿರಲಿಲ್ಲವೇನೋ ಎಂಬಂತೆ.

ಹಳೆಯ ಗಾಡಿಗೆ ಪೂಜೆ ಯಾಕೆ ಎಂದು ನಾನು ಕೇಳಿದ್ದು ನಿಜ. ಅಮ್ಮನ ಹತ್ತಿರ ಉತ್ತರವಿತ್ತು. "ನಾಲ್ಕು ಕಾಲಿಗೂ ಹೊಸ ಚಪ್ಪಲಿ ಬಂದಿದೆ. ಕೈಗೆ ಹೊಸ ಕೋಲು ಬಂದಿದೆ. ಇನ್ನೇನು ಉಳೀತು ಹಳೇದು? ಹಾರ್ನ್ ಒಂದೇ."

ನಮ್ಮ ಮನೆ ದೆಹಲಿಯ ದ್ವಾರಕಾದಲ್ಲಿ, ನಾಲ್ಕು ಅಂತಸ್ತಿನ ಕಟ್ಟಡದ ಎರಡನೆಯ ಮಹಡಿ. ಕೆಳಗೆ ಕಂಬಗಳ ನಡುವೆ ಪಾರ್ಕಿಂಗು. ಗಾಡಿಯ ಮುಖ ಪೂರ್ವಕ್ಕಿರಬೇಕೆಂದು ಅಮ್ಮ ಹಟ ಹಿಡಿದದ್ದರಿಂದ ತಮ್ಮ ಅದನ್ನು ಗೇಟಿನ ಕಡೆ ತಿರುಗಿಸಿ, ಬೆನ್ನನ್ನು ಕಂಬದ ಕಡೆ ಮಾಡಿ ನಿಲ್ಲಿಸಿದ್ದ. ಅರಿಶಿನ ಕುಂಕುಮ ಆಯಿತು, ಹೂವಾಯಿತು, ಕಾಯಿ ಒಡೆದದ್ದಾಯಿತು. ಕೆಳಮನೆಯ ಪಂಜಾಬಿ ಆಂಟಿ ಪ್ರಸಾದಕ್ಕೆಂದು ಸ್ಟೀಲ್ ಬಟ್ಟಲು ಹಿಡಿದು ಬಂದು ನಿಂತಿದ್ದರು. ನಾನು ಪಕ್ಕದಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದೆ.

"ಬೇಗ ಕೂತ್ಕೋ, ಬೇಗ. ಏಳು ನಿಮಿಷ ಇದೆ."

"ಅಮ್ಮ, ಆ್ಯಪ್ ನೋಡು. ದಿಲ್ಲೀಲಿ ಸೂರ್ಯ ಹುಟ್ಟೋದೇ ಏಳು ದಾಟಿದ ಮೇಲೆ. ರಾಹುಕಾಲ ಒಂಬತ್ತೂ ನಲವತ್ತಕ್ಕೆ. ಬಹುತ್ ಟೈಮ್ ಹೈ."

"ನಿನ್ನ ಆ್ಯಪಿಗೆ ರಾಹು ಫೋನ್ ಮಾಡಿ ಹೇಳಿದ್ನಾ? ಶನಿವಾರ ಅಂದ್ರೆ ಒಂಬತ್ತರಿಂದ ಹತ್ತೂವರೆ. ನಮ್ಮಪ್ಪನ ಕಾಲದಿಂದ ಅಷ್ಟೇ. ಪೂಜೆಗೆ ಬಿಟ್ಟ ಚಪ್ಪಲಿ ಮತ್ತೆ ಹಾಕ್ಕೋಬೇಡ, ಹಾಗೇ ಹತ್ತು!"

ತಮ್ಮ ಬರಿಗಾಲಲ್ಲಿ ಹತ್ತಿದ. ಡಿಸೆಂಬರಿನ ನೆಲದ ಮೇಲೆ ಅರ್ಧ ಗಂಟೆ ನಿಂತಿದ್ದ ಅವನ ಪಾದ ಮರಗಟ್ಟಿತ್ತು. ಅಷ್ಟರಲ್ಲಿ ಅಮ್ಮ ಎಲ್ಲರನ್ನೂ ಗದರಿ ಗಾಡಿಯ ಮುಂದಿನಿಂದ ಓಡಿಸಿದಳು. "ಹಿಂದೆ ಬನ್ನಿ ಎಲ್ಲ. ಆಂಟೀಜೀ, ಪೀಛೇ ಆ ಜಾಯಿಯೇ. ಗಾಡಿ ಮುಂದಕ್ಕೆ ಬರುತ್ತೆ." ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವಾಗ ನಮ್ಮವರೆಲ್ಲ ಮಾಡುವುದೇ ಅದು. ಮುಂದೆ ಅಪಾಯ, ಹಿಂದೆ ಕ್ಷೇಮ. ತಾನೂ ಆರತಿ ತಟ್ಟೆ ಹಿಡಿದು ಹೋಗಿ, ಗಾಡಿಯ ಬೆನ್ನಿಗೂ ಕಂಬಕ್ಕೂ ನಡುವೆ, ಕಂಬಕ್ಕೆ ಒರಗುವಷ್ಟು ಹತ್ತಿರ ನಿಂತಳು.

ಗಾಡಿ ಹಿಂದಕ್ಕೆ ಹಾರಿತು.

ಉರುಳಲಿಲ್ಲ, ಸರಿಯಲಿಲ್ಲ, ಹಾರಿತು. ಆಂಟಿ "ಹಾಯ್ ರಬ್ಬಾ" ಎಂದು ಪಕ್ಕಕ್ಕೆ ನೆಗೆದರು, ಬಟ್ಟಲು ಉರುಳಿಕೊಂಡು ಗೇಟಿನವರೆಗೆ ಹೋಯಿತು. ಆಮೇಲೆ 'ಟಣ್' ಎಂಬ ಒಂದು ಶಬ್ದ, ಎಂಜಿನ್ನು ಕೆಮ್ಮಿ ನಿಂತಿತು. ಬರಿಗಾಲು ಕ್ಲಚ್ಚಿನಿಂದ ಜಾರಿದ್ದಕ್ಕೆ ಎಂಜಿನ್ ಬಂದ್ ಬಿದ್ದಿತ್ತು. ಟಣ್ ಎಂದದ್ದು ಆರತಿ ತಟ್ಟೆ. ತಟ್ಟೆಯ ಒಂದು ಅಂಚು ಡಿಕ್ಕಿಗೆ ತಗುಲಿತ್ತು, ಇನ್ನೊಂದು ಅಂಚು ಅಮ್ಮನ ಹೊಟ್ಟೆಗೆ. ಅಮ್ಮನ ಬೆನ್ನು ಕಂಬಕ್ಕೆ ತಗುಲಿತ್ತು. ಬಂಪರಿನ ಮೇಲೆ ಅವಳ ಸೀರೆಯ ನೆರಿಗೆ ಮೆಲ್ಲಗೆ ಕೂತಿತ್ತು. ತಟ್ಟೆಯಿಂದ ಎಗರಿದ ಕರ್ಪೂರದ ಬಿಲ್ಲೆಯೊಂದು ಗಾಡಿಯ ಹಿಂದೆ ಶೋಕಿಗಿದ್ದ ಸ್ಪಾಯ್ಲರ್ ರೆಕ್ಕೆಯ ಮೇಲೆ ಬಿದ್ದು ಅಲ್ಲೇ ಶ್ರದ್ಧೆಯಿಂದ ಉರಿಯುತ್ತಿತ್ತು.

ಅಮ್ಮ ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ಬಿಡಿಸಿಕೊಂಡು, ಬದಿಯಿಂದ ಅಡ್ಡಡ್ಡ ನಡೆದು ಹೊರಗೆ ಬಂದು, ಬಗ್ಗಿ ಟೈರಿನ ಮುಂದೆ ನೋಡಿದಳು.

"ಅಲ್ವೋ, ನಿಂಬೆಹಣ್ಣು ಹಾಗೇ ಇದೆಯಲ್ಲೋ!"

ನಗು ಎಲ್ಲಿಂದ ಬಂತೋ ತಿಳಿಯದು. ಮೊದಲು ಆಂಟಿಗೆ, ಆಮೇಲೆ ನನಗೆ, ಆಮೇಲೆ ಓಡಿಬಂದ ಗಾರ್ಡಿಗೆ. ನಾನು ಗೋಡೆ ಹಿಡಿದುಕೊಂಡು ನಕ್ಕೆ. ಹೊಟ್ಟೆ ನೋವು ಬರುವಷ್ಟು, ಬಿಕ್ಕಳಿಕೆ ಹತ್ತುವಷ್ಟು. ತಮ್ಮ ಕಿಟಕಿಯಿಂದ ತಲೆ ಹಾಕಿ, "ಸಾರಿ ಸಾರಿ, ರಿವರ್ಸ್ ಬಿದ್ಬಿಡ್ತು. ಯಾರಿಗೂ ತಾಗ್ಲಿಲ್ಲ ತಾನೆ?" ಎಂದು ಕೇಳಿದ್ದಕ್ಕೆ ಇನ್ನಷ್ಟು ನಗು. ಅಮ್ಮ ಮಾತ್ರ ನಗಲಿಲ್ಲ, ಅವಳ ಕಣ್ಣು ಕೈಗಡಿಯಾರದ ಮೇಲಿತ್ತು. "ಐದು ನಿಮಿಷ ಇದೆ, ಇನ್ನೊಂದ್ಸಲ" ಎಂದಳು. ಈ ಸಲ ಹಿಂದೆಯೂ ಬೇಡ, ಮುಂದೆಯೂ ಬೇಡವೆಂದು ನಾವೆಲ್ಲ ಮೆಟ್ಟಿಲು ಹತ್ತಿ ಸಾಲಾಗಿ ನಿಂತೆವು, ಗ್ರೂಪ್ ಫೋಟೋಗೆ ನಿಂತ ಹಾಗೆ. ಗಾಡಿ ಸಾಧುವಾಗಿ ಮುಂದಕ್ಕೆ ಹೋಯಿತು. ನಾಲ್ಕು ಸಲ ಪಚಕ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೇಲೆ ಬಂದು ಕೇಸರಿಬಾತನ್ನು ಮೂರು ಸಲ ಹಾಕಿಸಿಕೊಂಡು ತಿಂದೆ. ಆ ದಿನವೆಲ್ಲ ನಾನು ಬಲೂನಿನ ಹಾಗಿದ್ದೆ. ಫೋನ್ ಮಾಡಿದವರಿಗೆಲ್ಲ ಕತೆ ಹೇಳಿದೆ, ಕರ್ಪೂರದ ಭಾಗಕ್ಕೆ ಬಂದಾಗ ಪ್ರತಿ ಸಲವೂ ನಗು ತಡೆಯಲಾಗದೆ ಫೋನ್ ಕೆಳಗಿಟ್ಟೆ.

ರಾತ್ರಿ ಮಲಗಿ ಕಣ್ಣು ಮುಚ್ಚಿದೆ. ಟಣ್.

ಅಷ್ಟೇ. ಆ ರಾತ್ರಿ ಹಾಗೇ ಹೋಯಿತು, ಮರುರಾತ್ರಿಯೂ. ಅಮ್ಮ ಗಾಡಿಯ ಕಡೆ ನೋಡಿರಲಿಲ್ಲ, ಗಡಿಯಾರ ನೋಡುತ್ತಿದ್ದಳು. ತಮ್ಮ ಮುಂದಿನ ಗಾಜು ನೋಡುತ್ತಿದ್ದ. ಅವನ ಲೆಕ್ಕದಲ್ಲಿ ಹಿಂದೆ ನಾಲ್ಕಾರು ಅಡಿ ಜಾಗ ಉಳಿದಿತ್ತು. ಆಂಟಿ ನೆಗೆಯುವುದರಲ್ಲಿದ್ದರು. ಪೂರ್ತಿ ಕಂಡವಳು ನಾನೊಬ್ಬಳೇ, ಜೊತೆಗೆ ನನ್ನ ಫೋನು. ಹನ್ನೊಂದು ಸೆಕೆಂಡಿನ ವಿಡಿಯೋ. ಅದರಲ್ಲಿ ಗಾಡಿ ಹಾರುತ್ತದೆ, ಹಾರುವಾಗ ಚಿತ್ರ ಒಂದಿಷ್ಟೂ ಅಲುಗುವುದಿಲ್ಲ. ನನ್ನ ಕೈ ಅಷ್ಟು ಸ್ಥಿರವಾಗಿತ್ತು. ನನ್ನ ದನಿ ಎಲ್ಲೂ ಕೇಳಿಸುವುದಿಲ್ಲ. 'ಅಮ್ಮಾ' ಎಂದೂ ನಾನು ಕೂಗಲಿಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು ನಾನು. ಸುಮ್ಮನಿರುವ ಸ್ವಭಾವವಲ್ಲ. ಸೋಮವಾರ ಕಾಲೇಜಿನಿಂದ ಬಂದವಳೇ ಹೊಲಿಗೆ ಡಬ್ಬಿಯ ಟೇಪು ತೆಗೆದುಕೊಂಡು ಕೆಳಗಿಳಿದು, ವಿಡಿಯೋದಲ್ಲಿ ಬಂಪರು ನಿಂತ ಟೈಲ್ಸನ್ನು ಗುರುತಿಸಿ ಅಲ್ಲಿಂದ ಕಂಬಕ್ಕೆ ಅಳೆದೆ. ಒಂದು ಗೇಣು, ಮೇಲೆ ನಾಲ್ಕು ಬೆರಳು. ಅಷ್ಟರಲ್ಲಿ ನಮ್ಮಮ್ಮ ನಿಂತಿದ್ದಳು, ತಟ್ಟೆಯ ಸಮೇತ. ಹೊಟ್ಟೆ ತುಂಬ ತಿನ್ನುವುದಿಲ್ಲ, ಕಡ್ಡಿಯ ಹಾಗಿದ್ದೀಯ ಎಂದು ನಾನು ಹತ್ತು ವರ್ಷದಿಂದ ಬೈಯುತ್ತಿದ್ದ ಅವಳ ಮೈಕಟ್ಟಿಗೆ ಅಂದು ಪಾರ್ಕಿಂಗಿನಲ್ಲೇ ಕೈಮುಗಿದೆ. ಗಾರ್ಡ್ ಭಯ್ಯಾ ದೂರದಿಂದ ನೋಡಿ, ಮೇಡಂ ಕಂಬಕ್ಕೂ ಪೂಜೆ ಶುರು ಮಾಡಿದರು ಎಂದುಕೊಂಡಿರಬೇಕು, ಅವನೂ ಕೈಮುಗಿದ.

ಅಂದು ಸಂಜೆ ತಮ್ಮ ಊಟಕ್ಕೆ ಕೂತು ಹೆಮ್ಮೆಯಿಂದ ಹೇಳಿದ: "ಅಕ್ಕ, ಒಂದು ವಿಷಯ ನೋಡಿದ್ಯಾ? ಆ ದಿನ ಟೈರ್ ಒಂಚೂರೂ ಸ್ಲಿಪ್ ಆಗ್ಲಿಲ್ಲ. ಹಳೇದಾಗಿದ್ರೆ ಆ ನುಣ್ಣನೆ ಟೈಲ್ಸ್ ಮೇಲೆ ಕಿರ್ರಂತ ಜಾರಿ ಅಲ್ಲೇ ಸುತ್ತೋದು. ಕ್ಯಾ ಗ್ರಿಪ್ ಹೈ!"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಎರಡು ಹೊಸ ಅಂಗಗಳಲ್ಲಿ ಒಂದು ಗಾಡಿಯನ್ನು ಅಮ್ಮನ ಕಡೆ ತಿರುಗಿಸಿತ್ತು, ಇನ್ನೊಂದು ತಡವರಿಸದೆ ಕಳಿಸಿತ್ತು.

"ಆ ಗೇರ್ ಹೇಗೆ ರಿವರ್ಸಿಗೆ ಹೋಯ್ತು? ಹೇಳು."

"ಅರೇ ಯಾರ್, ಫಸ್ಟ್ ಎಡಕ್ಕೆ ಮೇಲೆ. ರಿವರ್ಸ್ ಇನ್ನೊಂಚೂರು ಎಡಕ್ಕೆ ಮೇಲೆ. ಶಾರ್ಟ್ ಶಿಫ್ಟರ್‌ನಲ್ಲಿ ಎರಡಕ್ಕೂ ಒಂದು ಬೆರಳು ದೂರ. ಕೈಗೆ ಅಭ್ಯಾಸ ಆಗ್ಬೇಕು ಅಷ್ಟೇ. ಟೆನ್ಶನ್ ಮತ್ ಲೇ."

"ಅಭ್ಯಾಸ ಎಲ್ಲಿ ಮಾಡ್ತೀಯ, ಶಿಮ್ಲಾದ ತಿರುವಲ್ಲಾ? ಹಿಂದೆ ಕಂಬ ಇರಲ್ಲ ಅಲ್ಲಿ. ಏನೂ ಇರಲ್ಲ."

ಅಮ್ಮ ಅಡುಗೆಮನೆಯಿಂದ, "ಏನು ಗಲಾಟೆ?" ಎಂದಳು. "ಕುಛ್ ನಹೀ," ಎಂದ ತಮ್ಮ. ಅವಳು ಆಗಲೇ ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ತೆಗೆದಿಟ್ಟಿದ್ದಳು. ಹಿಮ ಮುಟ್ಟಿದರೆ ಕೈ ಉರಿಯುತ್ತದಂತೆ ಹೌದಾ ಎಂದು ನನ್ನನ್ನು ಎರಡು ಸಲ ಕೇಳಿದ್ದಳು. ಪ್ರವಾಸ ಬೇಡವೆನ್ನಲು ನನ್ನಿಂದಾಗಲಿಲ್ಲ. ಆ ಗೇರಿನ ಗಾಡಿಯಲ್ಲಿ ಅವಳನ್ನು ಕೂರಿಸಿ ಕಳಿಸಲೂ ಆಗಲಿಲ್ಲ. ವಾರವಿಡೀ ನಿದ್ದೆಗೆಟ್ಟು ಪಾಠ ಮಾಡಿದೆ. ಗುರುವಾರ ಬೋರ್ಡಿನ ಮೇಲೆ ವೇಗದ ಬಾಣ ಎಳೆಯಬೇಕಾದಲ್ಲಿ ಉಲ್ಟಾ ಎಳೆದು, ಹುಡುಗಿಯರು ತಿದ್ದಿದಾಗ ಬೋರ್ಡಿನ ಮುಂದೆಯೇ ನಗು ಹತ್ತಿ ತರಗತಿ ಬಿಟ್ಟು ಹೊರಗೆ ಬಂದೆ.

ಭಾನುವಾರ ತಮ್ಮನನ್ನು ಎಬ್ಬಿಸಿ, "ಕರೋಲ್ ಬಾಗಿಗೆ ನಡಿ. ನಾಳೆ ಸೋಮವಾರ, ಅಂಗಡಿ ಇರಲ್ಲ," ಎಂದೆ.

ಕಾರಿನ ಸಾಮಾನಿನ ಆ ಗಲ್ಲಿಯಲ್ಲಿ ಗಾಡಿಗಳನ್ನು ರಸ್ತೆಯಲ್ಲೇ ಬಿಚ್ಚಿ ರಸ್ತೆಯಲ್ಲೇ ಕಟ್ಟುತ್ತಾರೆ. ಸೈಕಲ್ ರಿಕ್ಷಾ, ಸೀಟ್ ಕವರಿನ ರಾಶಿ, ಒಂದೇ ಸಮನೆ ಪರೀಕ್ಷೆಗೊಳಗಾಗುವ ಹಾರನ್ನುಗಳು. ಶಿಫ್ಟರ್ ಕೂರಿಸಿದ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅರವತ್ತರ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ಗೇರ್ ತಪ್ಪಿ ರಿವರ್ಸಿಗೆ ಬೀಳುತ್ತದೆ ಎಂದು ನಾನು ಹಿಂದಿಯಲ್ಲಿ ದೂರು ಹೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. ತಮ್ಮನ ಕಡೆ ನೋಡಿದ.

"ಬತಾಯಾ ನಹೀ ದೀದಿ ಕೋ?"

ಅಕ್ಕನಿಗೆ ಹೇಳಲಿಲ್ಲವೇ? ತಮ್ಮ ಬೂಟಿನ ತುದಿ ನೋಡತೊಡಗಿದ. ಉಸ್ತಾದ್ ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದು ಮುಚ್ಚಳ ತೆಗೆದ. ತುಂಬ ಪ್ಲಾಸ್ಟಿಕ್ಕಿನ ಕಪ್ಪು ಉಂಗುರಗಳು. ಒಂದನ್ನು ಎತ್ತಿ ತೋರಿಸಿದ. ಕಂಪನಿಯ ಲಿವರಿನಲ್ಲಿ ಗುಂಡಿನ ಕೆಳಗೆ ಈ ಉಂಗುರ ಇರುತ್ತದೆಯಂತೆ. ಬೆರಳಿನಿಂದ ಇದನ್ನು ಮೇಲೆತ್ತಿ ಹಿಡಿದರೆ ಮಾತ್ರ ಲಿವರು ರಿವರ್ಸಿನ ಕಡೆ ಹೋಗುತ್ತದೆ. ಇಲ್ಲವಾದರೆ ಏನು ಮಾಡಿದರೂ ಹೋಗದು. ಹೊಸ ಉಕ್ಕಿನ ಗುಂಡಿಗೆ ಇದು ಕೂರುವುದಿಲ್ಲ. ಹಾಗಾಗಿ ಶೋಕಿಯ ಹುಡುಗರೆಲ್ಲ ತೆಗೆಸಿಬಿಡುತ್ತಾರೆ.

"ಇದರಲ್ಲಿ ಇವನದು ಯಾವುದು?" ಎಂದೆ.

"ಸಬ್ಸೇ ಊಪರ್ ವಾಲಾ."

ಎಲ್ಲಕ್ಕಿಂತ ಮೇಲಿದ್ದ ಉಂಗುರ ನೋಡಿದೆ, ಕೆಳಗೆ ಡಬ್ಬಿ ನೋಡಿದೆ. ಅಷ್ಟೊಂದು ಉಂಗುರ. ಅಷ್ಟೊಂದು ಗಾಡಿ. ಅವುಗಳ ಹಿಂದೆ ಎಷ್ಟು ಜನ ಅಮ್ಮಂದಿರು ಕ್ಷೇಮವೆಂದು ನಿಂತಿರುತ್ತಾರೋ.

"ಅಕ್ಕ, ಆ ರಿಂಗ್ ಲಟಲಟ ಅಂತಿತ್ತು. ನೋಡೋಕೂ ಚೆನ್ನಾಗಿರಲಿಲ್ಲ. ಸಿರ್ಫ್ ಎರಡು ವಾರ ಓಡಿಸಿದ್ರೆ ಕೈ ತಾನೇ..."

ನಾನು ಫೋನ್ ತೆಗೆದು ಅವನ ಕೈಗಿಟ್ಟೆ. ಎಂಟು ದಿನದಲ್ಲಿ ಮೊದಲ ಬಾರಿ ಆ ಹನ್ನೊಂದು ಸೆಕೆಂಡನ್ನು ಇನ್ನೊಬ್ಬರು ನೋಡಿದರು. ಉಸ್ತಾದ್ ಅವನ ಭುಜದ ಮೇಲಿನಿಂದ ನೋಡಿದ. ಟಣ್ ಎಂದಾಗ ಇಬ್ಬರೂ ಒಂದೇ ಸಲ ಹಿಂದಕ್ಕೆ ಬಾಗಿದರು. ತಮ್ಮ ಮತ್ತೆ ನೋಡಿದ. ಬಂಪರು, ನೆರಿಗೆ, ಕಂಬ. ಚಿತ್ರ ನಿಲ್ಲಿಸಿ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ. ಅಂಗಡಿಯ ಮುಂದಿನ ಟೈರಿನ ರಾಶಿಯ ಮೇಲೆ ಕೂತುಬಿಟ್ಟ.

"ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ. ಜಾಗ ಇತ್ತು ಅನ್ಕೊಂಡಿದ್ದೆ."

"ಇತ್ತು. ಒಂದು ಗೇಣು ನಾಲ್ಕು ಬೆರಳು."

"ಅಳೆದ್ಯಾ?"

"ಹೊಲಿಗೆ ಟೇಪಲ್ಲಿ."

ಅವನು ನನ್ನನ್ನೇ ನೋಡಿದ. ಅಳುತ್ತಾನೆ ಅಂದುಕೊಂಡೆ. "ಹೊಲಿಗೆ ಟೇಪಾ?" ಎಂದು ಕೇಳಿ ನಗತೊಡಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಿದ್ದ. ನನಗೂ ತಡೆಯಲಾಗಲಿಲ್ಲ. ಉಸ್ತಾದ್ ತಪ್ಪಾಯಿತು ಎಂಬಂತೆ ಕಿವಿ ಹಿಡಿದುಕೊಂಡು ಆಕಾಶ ನೋಡಿ, ನಮ್ಮಿಬ್ಬರನ್ನೂ ನೋಡಿ, ಮೂರು ಚಹಾಕ್ಕೆ ಕೂಗು ಹಾಕಿದ.

ಚಹಾ ಕುಡಿದು ಉಸ್ತಾದ್ ಕೆಲಸಕ್ಕೆ ಕೂತ. ಗಿಡ್ಡ ಲಿವರು ಇರಲಿ, ಆದರೆ ಅದಕ್ಕೆ ಕಂಪನಿಯ ಗುಂಡೂ ಉಂಗುರವೂ ವಾಪಸ್ ಎಂದು ತೀರ್ಮಾನವಾಯಿತು. ಗಿಡ್ಡ ಲಿವರಿಗೆ ಕಂಪನಿಯ ಗುಂಡು ಹೊಂದುತ್ತಿರಲಿಲ್ಲ. ಪಕ್ಕದ ಗಲ್ಲಿಯ ಲೇತ್ ಅಂಗಡಿಗೆ ತಾನೇ ಹೋಗಿ ಸಣ್ಣ ಕೊಳವೆಯೊಂದನ್ನು ಕೊರೆಸಿ ತಂದು ನಡುವೆ ಕೂರಿಸಿದ. ಎಲ್ಲ ಮುಗಿದ ಮೇಲೆ ಸೀಟು ಒರೆಸಿ, "ಆಪ್ ಬೈಠಿಯೇ," ಎಂದು ನನಗೆ ಹೇಳಿದ.

ಎಂಜಿನ್ ಬಂದ್ ಇತ್ತು. ಕ್ಲಚ್ ಒತ್ತಿ, ಉಂಗುರ ಮುಟ್ಟದೆ, ಲಿವರನ್ನು ಎಡಕ್ಕೆ ಮೇಲೆ ತಳ್ಳಿದೆ. ಮೊದಲ ಗೇರ್. ಇನ್ನೂ ಎಡಕ್ಕೆ ಒತ್ತಿ ತಳ್ಳಿದೆ. ಮೊದಲ ಗೇರ್. ಸಿಟ್ಟಿನಲ್ಲಿ, ಅವಸರದಲ್ಲಿ, ಕಣ್ಣು ಮುಚ್ಚಿ, ಗಡಿಯಾರ ನೋಡುತ್ತ. ಮೊದಲ ಗೇರ್. ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಹಿಡಿದು ನೂಕಿದೆ. ಏನು ಮಾಡಿದರೂ ಅದು ರಿವರ್ಸಿಗೆ ಹೋಗಲಿಲ್ಲ. ಐವತ್ತು ಸಲ ಎಣಿಸಿ ಮಾಡಿದೆ. ಜನ ಸೇರಿದರು. ರಿಕ್ಷಾದವನೊಬ್ಬ ಪೆಡಲ್ ನಿಲ್ಲಿಸಿ, "ಮೇಡಂ ಜಿಮ್ ಕರ್ ರಹೀ ಹೈ ಕ್ಯಾ?" ಎಂದು ಕೇಳಿದ. "ಹೌದು ಭಯ್ಯಾ," ಎಂದೆ ಕನ್ನಡದಲ್ಲೇ, ನಗುತ್ತ, ಐವತ್ತೊಂದನೆಯದನ್ನು ತಳ್ಳುತ್ತ.

ವಾಪಸ್ ನಾನೇ ಓಡಿಸಿದೆ. ತಮ್ಮ ಕೀಲಿಯನ್ನು ಕೇಳದೆಯೇ ಕೊಟ್ಟಿದ್ದ. ರಿಡ್ಜ್ ಎಂಬ ಗುಡ್ಡದ ಕಾಡಿನ ನಡುವಿನ ರಸ್ತೆಗೆ ಬಂದಾಗ ಬಿಸಿಲಿತ್ತು, ಟ್ರಾಫಿಕ್ ಕಡಿಮೆಯಿತ್ತು. ಎರಡರಿಂದ ಮೂರಕ್ಕೆ ಬದಲಿಸಿದೆ. ಚಟಕ್. ಬೆರಳಿನಲ್ಲಿ ಚಿಟಿಕೆ ಹೊಡೆದ ಹಾಗೆ. ಅಯ್ಯೋ, ಎಷ್ಟು ಚೆನ್ನಾಗಿತ್ತು! ಮತ್ತೆ ಎರಡಕ್ಕೆ ಇಳಿಸಿದೆ, ಬೇಕಿಲ್ಲದಿದ್ದರೂ. ಚಟಕ್. ಹಿಮದ ಟೈರುಗಳು ಹಿಮವಿಲ್ಲದ ರಸ್ತೆಯ ಮೇಲೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿದ್ದವು.

"ಅಕ್ಕ, ಸಿಗ್ನಲ್ ಕೆಂಪಿದೆ, ಗೇರ್ ಜೊತೆ ಆಮೇಲೆ ಆಟ ಆಡು."

"ಇಷ್ಟು ದಿನ ಯಾಕೋ ಹೇಳ್ಲಿಲ್ಲ, ಇದು ಇಷ್ಟು ಮಜಾ ಇದೆ ಅಂತ?"

"ಹೇಳಿದ್ದೆ. ನೀನು ಎಂಟು ದಿನ ನನ್ ಮೇಲೆ ಕೂಗ್ತಾ ಇದ್ದೆ."

ಮನೆಗೆ ಬಂದು ಅಮ್ಮನಿಗೆ ವಿಡಿಯೋ ತೋರಿಸಿದವನು ತಮ್ಮ. ತೋರಿಸಬೇಕಾದವಳು ನಾನಲ್ಲ, ತಾನು ಎಂದು ಅವನೇ ಹೇಳಿದ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು. ಇನ್ನೊಮ್ಮೆ ಹಾಕಿಸಿಕೊಂಡು ನೋಡಿದಳು. ಉಂಗುರದ ಕತೆಯನ್ನು ಅವನು ಮುಚ್ಚಿಡದೆ ಹೇಳಿದ. ಮೂವತ್ತು ದಾಟಿದ ಅವನ ಕಿವಿಯನ್ನು ಅಮ್ಮ ಹಿಡಿದಳು, ತಿರುವಲಿಲ್ಲ, ಸುಮ್ಮನೆ ಹಿಡಿದುಕೊಂಡೇ ಇದ್ದಳು. ಅವಳ ಇನ್ನೊಂದು ಕೈ ತನ್ನ ಹೊಟ್ಟೆಯ ಮೇಲಿತ್ತು, ತಟ್ಟೆ ತಗುಲಿದ ಜಾಗದಲ್ಲಿ.

ಕಿವಿ ಬಿಟ್ಟು ಹೇಳಿದಳು: "ಅಚ್ಛಾ. ಹಾಗಾದ್ರೆ ಇನ್ಮೇಲೆ ನಾನು ಗಾಡಿ ಹಿಂದೂ ನಿಲ್ಲಲ್ಲ, ಮುಂದೂ ನಿಲ್ಲಲ್ಲ. ಒಳಗೇ ಕೂತ್ಕೋತೀನಿ. ಮುಂದಿನ ಸೀಟು ನಂದು. ಇವಳು ಹಿಂದೆ ಮಂಡಿ ಮಡಚಿಕೊಂಡು ಕೂತ್ಕೊಳ್ಲಿ."

"ನಾನೂ ಬರ್ತೀನಾ?" ಎಂದೆ.

"ಮತ್ತೆ? ಆ ಉಂಗುರ ಎತ್ತಿದ್ನೋ ಇಲ್ವೋ ನೋಡೋರು ಯಾರು?"

ಆ ಭಾನುವಾರ ರಾತ್ರಿ ಹತ್ತಕ್ಕೆ ಮಲಗಿದ್ದಷ್ಟೇ ಗೊತ್ತು. ಎದ್ದಾಗ ಪರದೆಯ ತುಂಬ ಬಿಸಿಲು, ಹೊರಗೆ ತರಕಾರಿಯವನು ಮೂಲಂಗಿ ಕೂಗುತ್ತಿದ್ದ, ನನ್ನ ಮೊದಲ ಪೀರಿಯಡ್ಡು ಯಾವಾಗಲೋ ಮುಗಿದಿತ್ತು. ಕಾಲೇಜಿನಿಂದ ನಾಲ್ಕು ಮಿಸ್ಡ್ ಕಾಲ್. ಹಾರಿ ಎದ್ದು ಹಾಲಿಗೆ ಬಂದರೆ ಅಮ್ಮ ಸೋಫಾದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಎಬ್ಬಿಸ್ಬಾರ್ದಾ ಅಮ್ಮ?"

"ನಾನೇ ಈಗ ಎದ್ದೆ," ಎಂದಳು ಅಮ್ಮ. "ಎಂಟು ದಿನದಿಂದ ರಾತ್ರಿ ನೀನು ಎದ್ದು ಓಡಾಡ್ತಿದ್ದೆ, ಇವಳಿಗೇನಾಯ್ತೋ ಅಂತ ನಾನು ಎದ್ದು ಕೂರ್ತಿದ್ದೆ. ನಿನ್ನೆ ನೀನೂ ಮಲ್ಕೊಂಡೆ, ನಾನೂ ಮಲ್ಕೊಂಡೆ. ಹೋಗು, ಮುಖ ತೊಳ್ಕೊಂಡು ಬಾ. ಕಾಫಿ ಇಬ್ಬರಿಗೂ ಆಗ್ಬೇಕು."